ಮೂರು ರಾತ್ರಿಯ ನೀರು

ಗಂಟು ಬಿಚ್ಚಿಕೊಳ್ಳಲಿಲ್ಲ. ಕೇತಿ ಮೊಣಕಾಲುದ್ದ ನೀರಿನಲ್ಲಿ ನಿಂತು ಉಗುರಿನಿಂದ ಕೆದಕಿದಳು, ಎಳೆದಳು, ಕೊನೆಗೆ ಬಗ್ಗಿ ಹಲ್ಲು ಹಾಕಿದಳು. ನಾರಿನ ಹಗ್ಗ ನೆನೆದು ಕಲ್ಲಾಗಿತ್ತು. ಹಳ್ಳದ ದಂಡೆಯ ಮತ್ತಿಮರದ ಬೇರಿಗೆ ಬುಟ್ಟಿಯನ್ನು ಹಾಗೆ ಕಟ್ಟಿದವಳು ಅವಳ ಓರಗಿತ್ತಿ ಕುಂಜಿ. ಈಗ ಕುಂಜಿ ಹಾಡಿಯಲ್ಲಿ ತನ್ನ ಗುಡಿಸಲ ಮುಂದೆ ಚಾಪೆಯ ಮೇಲೆ ಮಲಗಿದ್ದಳು. ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದಾಗಿತ್ತು, ಕಣ್ಣು ಮುಚ್ಚಿದ್ದಾಗಿತ್ತು. ಅವಳು ಹಾಕಿದ ಗಂಟನ್ನು ಬಿಚ್ಚುವ ಕೆಲಸವೊಂದು ಕೇತಿಯ ಪಾಲಿಗೆ ಉಳಿದಿತ್ತು.

ದಂಡೆಯ ಮೇಲೆ ಗಂಡ ಚೆನ್ನ ತಗಡಿನ ಡಬ್ಬ ಬಡಿಯುತ್ತಾ ನಿಂತಿದ್ದ. ಮಾಘ ಕಳೆದು ಕಾಡು ಒಣಗಿತ್ತು. ಮಸಿನಗುಡಿ ಸುತ್ತಿನ ಆನೆಗಳಿಗೆಲ್ಲ ಈಗ ಈ ಹಳ್ಳವೇ ಗತಿ.

"ಬೇಗ್ನೆ ಬಾ. ಹೆಣ ಮಡಿಕ್ಕಂಡು ಎಷ್ಟೊತ್ತು ಕೂರದು?" ಎಂದ.

ನಾಲ್ಕನೆಯ ಸಲ ಹಲ್ಲು ಹಾಕಿದಾಗ ನಾರು ಹರಿಯಿತು, ಬುಟ್ಟಿ ಕೈಗೆ ಬಂತು. ಒಳಗೆ ತೆಳ್ಳಗೆ ಹೆಚ್ಚಿದ ಕಹಿ ಗೆಣಸಿನ ಬಿಲ್ಲೆಗಳು ಬೆಳ್ಳಗಾಗಿದ್ದವು. ಕೇತಿ ಎಣಿಸಿದಳು. ಸೋಮವಾರ ರಾತ್ರಿ, ಮಂಗಳವಾರ ರಾತ್ರಿ, ಬುಧವಾರ ರಾತ್ರಿ. ಇವತ್ತು ಗುರುವಾರ. ಕುಂಜಿ ಎದೆನೋವೆಂದು ಮಲಗಿ ಪ್ರಾಣ ಬಿಟ್ಟದ್ದು ಬುಧವಾರ ಸಂಜೆ. ಕೊನೆಯ ರಾತ್ರಿಯನ್ನು ಅವಳು ಸತ್ತ ಮೇಲೂ ಬಿಟ್ಟಿರಲಿಲ್ಲ.

ಹಾಡಿಯಲ್ಲಿ ಒಂದು ಕಟ್ಟಳೆಯಿದೆ. ಸತ್ತವರು ಕೊನೆಯದಾಗಿ ಕಾಡಿನಿಂದ ತಂದದ್ದು ಏನೇ ಇರಲಿ, ಒಂದು ಹಿಡಿ ಸೊಪ್ಪಿರಲಿ, ನಾಲ್ಕು ಅಣಬೆಯಿರಲಿ, ಅದನ್ನು ಹೆಣ ಎತ್ತುವ ಮೊದಲು ಬೇಯಿಸಬೇಕು. ಮನೆಯವರಲ್ಲಿ ಒಬ್ಬರು ಹೆಣದ ತಲೆಯ ಬಳಿ ಕೂತು ಒಂದು ತುತ್ತು ಉಂಡು, ನಿನ್ನ ಕೈಯೂಟ ನಮಗೆ ಹಿತವಾಯಿತು ಎನ್ನಬೇಕು. ಹಾಗೆ ಉಣ್ಣುವವರು ಸಿಕ್ಕರೆ ಹೆಣಕ್ಕೆ ಗಡಿಕಲ್ಲಿನ ಒಳಗೆ, ಹಿರಿಯರ ಪಕ್ಕ ಜಾಗ. ಸಿಗದಿದ್ದರೆ ಕಲ್ಲಿನ ಆಚೆ, ಲಂಟಾನದ ಪೊದೆಯಲ್ಲಿ. ಇದುವರೆಗೆ ಯಾರಿಗೂ ಸಿಗದೆ ಹೋಗಿರಲಿಲ್ಲ. ಕುಡಿದು ಕೆಟ್ಟವರಿಗೆ, ಹೆಂಡತಿಯ ಹಲ್ಲುದುರಿಸಿದವರಿಗೆ ಸಹ ಸಿಕ್ಕಿದ್ದರು. ಹೆಣದ ಮುಂದೆ ಯಾರು ತಾನೇ ಒಂದು ತುತ್ತಿಗೆ ಮುಖ ಮುರಿಯುತ್ತಾರೆ?

ಕುಂಜಿಯ ವಿಷಯ ಬೇರೆ. ಇಪ್ಪತ್ತೆರಡು ವರ್ಷದಿಂದ ಅವಳು ಬೇಯಿಸಿದ್ದನ್ನು ಕೇತಿಯೊಬ್ಬಳ ಹೊರತು ಹಾಡಿಯಲ್ಲಿ ಯಾರೂ ಬಾಯಿಗಿಟ್ಟಿರಲಿಲ್ಲ. ಅವಳ ಕೈಯಡಿಗೆ ಉಂಡು ಒಂದು ಮಗು ಸತ್ತಿತ್ತು. ಆ ಮಗು ಕೇತಿಯದು, ಐದು ವರ್ಷದ ಚಿಕ್ಕಿ. ಹಾಗಾಗಿ ಇವತ್ತು ತುತ್ತು ಉಣ್ಣಬೇಕಾದವಳೂ ಕೇತಿಯೇ, ಒಳಗೋ ಆಚೆಯೋ ಎಂದು ಹೇಳಬೇಕಾದವಳೂ ಕೇತಿಯೇ ಎಂದು ಹಾಡಿಯ ಯಜಮಾನ ಬೊಮ್ಮ ಬೆಳಗ್ಗೆಯೇ ತೀರ್ಮಾನ ಮಾಡಿದ್ದ. ಕುಂಜಿಯ ಗಂಡ ಜೇನುಬಂಡೆಯಿಂದ ಬಿದ್ದು ಹೋಗಿ ಎಷ್ಟೋ ಕಾಲವಾಗಿತ್ತು. ಇದ್ದೊಬ್ಬ ಮಗಳು ನಂದಿನಿಯನ್ನು ಪಂದಲೂರಿಗೆ ಕೊಟ್ಟಿದ್ದರು; ತಾಯಿಗೆ ಎದೆನೋವೆಂದು ಅವಳು ಭಾನುವಾರವೇ ಬಂದಿದ್ದಳು. ಬೇರೆ ಮನೆ ಸೇರಿದವಳ ತುತ್ತು ಲೆಕ್ಕಕ್ಕೆ ಬರುವುದಿಲ್ಲ.

ಕೇತಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ದಂಡೆ ಹತ್ತಿದಳು. ನೀರು ಕುತ್ತಿಗೆಯಿಂದ ಬೆನ್ನಿಗಿಳಿಯಿತು. ಹೇಳಿಬಿಡುತ್ತೇನೆ, ಅಂದುಕೊಂಡಳು. ಮಣ್ಣು ಮುಚ್ಚುವ ಮೊದಲು, ಎಲ್ಲರ ಮುಂದೆ, ಆ ಮಗುವನ್ನು ಕೊಂದದ್ದು ಕುಂಜಿಯ ಕೈಯಲ್ಲ, ನನ್ನ ಕೈ ಎಂದು ಹೇಳಿಬಿಡುತ್ತೇನೆ. ಆಮೇಲೆ ಏನಾದರೂ ಆಗಲಿ.

*

ಆ ವರ್ಷ ನಂದಿನಿ ಮೈನೆರೆದಿದ್ದಳು. ಅದರ ಸಂಭ್ರಮಕ್ಕೆ ಗೂಡಲೂರು ಕಡೆಯ ನಂಟರು ಬರುವವರಿದ್ದರು. ಬೇಸಿಗೆಯಲ್ಲಿ ಒಳ್ಳೆಯ ಗೆಣಸು ಆಳಕ್ಕಿಳಿದಿರುತ್ತದೆ, ಸೊಪ್ಪು ಒಣಗಿರುತ್ತದೆ. ಅಷ್ಟು ಜನಕ್ಕೆ ಉಣ್ಣಿಸಲು ಮೂರೆಲೆಯ ಮುಳ್ಳುಬಳ್ಳಿಯ ಕಹಿ ಗೆಣಸೇ ಆಗಬೇಕಿತ್ತು. ಅದು ಮೇಲುಮಣ್ಣಿನಲ್ಲೇ ಮಗುವಿನ ತಲೆಯಷ್ಟು ದಪ್ಪ ಸಿಗುತ್ತದೆ, ಅದರ ತುಂಬ ನಂಜು. ಅದನ್ನು ಅಗೆಯುವುದರಲ್ಲಿ, ಹೆಚ್ಚುವುದರಲ್ಲಿ, ನಂಜು ತೆಗೆಯುವುದರಲ್ಲಿ ಕುಂಜಿಯನ್ನು ಮೀರಿಸುವವರಿರಲಿಲ್ಲ. ಅಗೆದ ಮೇಲೆ ಬಳ್ಳಿಯ ಬುಡದ ತಲೆಯನ್ನು ಕೊಯ್ದು ಮತ್ತೆ ಅದೇ ಗುಂಡಿಗೆ ಹೂತು, ಬರುವ ವರ್ಷಕ್ಕಿರಲಿ ಎಂದು ಮಣ್ಣು ತಟ್ಟುತ್ತಿದ್ದಳು.

ಒಂದು ದೊಡ್ಡ ಬುಟ್ಟಿ ತುಂಬ ಹೆಚ್ಚಿ ಕೇತಿಯ ಕೈಗೆ ಕೊಟ್ಟಳು. ಮೂರು ರಾತ್ರಿ ಹಳ್ಳದಲ್ಲಿರಬೇಕು ಎಂದಳು. "ಮಡಕೇಲಿ ನೆನೆ ಹಾಕ್ಬುಟ್ಟೀಯ ಮತ್ತೆ. ನಿಂತ್ ನೀರು ನಂಜ ಹಿಡ್ಕೊಂಡೇ ಕುಂತಿರ್ತದೆ. ಹರಿಯೋ ನೀರಾದ್ರೆ ಹೊತ್ಕೊಂಡು ಹೋಯ್ತದೆ."

ಮೊದಲ ರಾತ್ರಿ ಬುಟ್ಟಿ ಹಳ್ಳದಲ್ಲಿತ್ತು. ಮರುದಿನ ಕೇತಿ ಚಿಕ್ಕಿಯನ್ನು ಸೊಂಟಕ್ಕೇರಿಸಿಕೊಂಡು ನೋಡಲು ಹೋದಾಗ ಆಚೆ ದಂಡೆಯಲ್ಲಿ ಒಂಟಿ ಸಲಗ ನಿಂತಿತ್ತು. ಅದು ಮೇಲಕ್ಕೆ ಹೋಗುವ ತನಕ ಕಾದು, ಬುಟ್ಟಿ ಕಿತ್ತುಕೊಂಡು ಮನೆಗೆ ಓಡಿ ಬಂದಳು. ಮತ್ತೆ ಅಲ್ಲಿಗೆ ಹೋಗುವ ಧೈರ್ಯವಾಗಲಿಲ್ಲ, ಹೋಗಲಾಗಲಿಲ್ಲ ಎಂದು ಓರಗಿತ್ತಿಯ ಮುಂದೆ ಹೇಳುವ ಮನಸ್ಸೂ ಆಗಲಿಲ್ಲ. ಗುಡಿಸಲ ಹಿಂದೆ ಎರಡು ದೊಡ್ಡ ಮಡಕೆಯಲ್ಲಿ ನೆನೆ ಹಾಕಿದಳು. ದಿನಕ್ಕೆರಡು ಸಲ ನೀರು ಬದಲಾಯಿಸಿದಳು. ನೀರು ನೀರೇ ತಾನೆ, ಅಂದುಕೊಂಡಳು.

ನಂಟರು ಬಂದ ದಿನ ಕುಂಜಿ ಕೇಳಿದಳು: "ಮೂರು ರಾತ್ರಿ ಆಯ್ತಾ?"

"ಆಯ್ತು ಅಕ್ಕ."

ಬೇರೆ ದಿನವಾಗಿದ್ದರೆ ಕುಂಜಿ ಒಂದು ಬಿಲ್ಲೆಯನ್ನು ನಾಲಿಗೆಯ ತುದಿಗಿಟ್ಟು ನೋಡುತ್ತಿದ್ದಳು. ಅವತ್ತು ಮಗಳ ಸಂಭ್ರಮ, ಬಾಯಿ ತುಂಬ ಎಲೆಯಡಿಕೆ ಹೊಗೆಸೊಪ್ಪು. ನೋಡಲಿಲ್ಲ. ಬೇಯಿಸಿದಳು, ಉಪ್ಪು ಖಾರ ಹಾಕಿ ಹುರಿದಳು. ಮೊದಲು ಮಕ್ಕಳನ್ನು ಕೂರಿಸಿದರು. ಚಿಕ್ಕಿ ಇನ್ನೊಂದು, ಇನ್ನೊಂದು ಎಂದು ಕೈ ಚಾಚುತ್ತಲೇ ಇದ್ದಳು. ಕೇತಿ ತನ್ನ ಪಾಲಿನದನ್ನೂ ಅವಳ ಎಲೆಗೆ ಹಾಕಿದಳು.

ಹೊತ್ತು ಇಳಿಯುವುದರೊಳಗೆ ಮಕ್ಕಳು ಗಂಟಲು ಹಿಡಿದುಕೊಂಡು ವಾಂತಿ ಮಾಡತೊಡಗಿದರು. ಉಳಿದವರೆಲ್ಲ ಬದುಕಿಕೊಂಡರು. ಚಿಕ್ಕಿ ಮಾತ್ರ ಆಸ್ಪತ್ರೆಗೆ ಒಯ್ಯುವ ಜೀಪು ಬರುವ ಮೊದಲೇ ತಾಯಿಯ ತೊಡೆಯ ಮೇಲೆ ತಣ್ಣಗಾದಳು. ಯಾರು ಮಾಡಿದ್ದು, ಯಾರು ಮಾಡಿದ್ದು ಎಂದು ನಂಟರು ಕೂಗಾಡುತ್ತಿದ್ದರು. ಕೇತಿಯ ಕೈ ತಾನಾಗಿ ಮೇಲೆದ್ದಿತು. ಬೆರಳು ಕುಂಜಿಯತ್ತ ತೋರಿಸಿತು.

ಕುಂಜಿ ಪಾತ್ರೆಯ ತಳದಲ್ಲಿ ಉಳಿದಿದ್ದ ಒಂದು ಬಿಲ್ಲೆಯನ್ನು ನಾಲಿಗೆಗೆ ಮುಟ್ಟಿಸಿದಳು, ಉಗಿದಳು. ಮೆಲ್ಲಗೆ ಎದ್ದು ಕೇತಿಯ ಗುಡಿಸಲ ಹಿಂದಕ್ಕೆ ಹೋಗಿ ಅಲ್ಲಿದ್ದ ಎರಡು ಮಡಕೆಗಳನ್ನು ನೋಡಿದಳು. ತಿರುಗಿ ಬಂದು ಕೇತಿಯ ಮುಖವನ್ನು ಒಮ್ಮೆ ನೋಡಿದಳು, ಅಷ್ಟೆ.

*

ಕುಂಜಿಯ ಗುಡಿಸಲ ಪಕ್ಕ ಮೂರು ಕಲ್ಲು ಹೂಡಿ ಒಲೆ ಮಾಡಿದ್ದರು. ಕೇತಿ ಬಿಲ್ಲೆಗಳನ್ನು ಹಿಂಡಿ ನೀರು ತೆಗೆದು ಪಾತ್ರೆಗೆ ಹಾಕಿದಳು. ಸುತ್ತ ಕೂತ ಹೆಂಗಸರು ಸತ್ತವಳ ಗುಣಗಾನಕ್ಕೆ ಶುರುವಿಟ್ಟಿದ್ದರು. ಕುಂಜಿಯಂಥ ಕಣ್ಣು ಯಾರಿಗಿತ್ತು, ಅಣ್ಣೆಸೊಪ್ಪು ಎಲ್ಲಿ ಚಿಗುರುತ್ತದೆ, ಕಳಲೆ ಯಾವ ಮೆಳೆಯಲ್ಲಿ ಮೂಡುತ್ತದೆ ಎಂದು ಅವಳಿಗೆ ಮಲಗಿದಲ್ಲೇ ತಿಳಿಯುತ್ತಿತ್ತು ಎಂದರು. ಅದೇನೋ ನಿಜವೇ. ಅವಳು ತಂದ ಸೊಪ್ಪನ್ನು ಈ ಹೆಂಗಸರೆಲ್ಲ ಹಸಿಯಾಗಿ ಇಸಿದುಕೊಂಡು ಹೋಗಿ ತಮ್ಮ ತಮ್ಮ ಒಲೆಯ ಮೇಲೆ ಬೇಯಿಸಿ ಚಪ್ಪರಿಸಿದವರು. ಅವಳ ಒಲೆ ಮುಟ್ಟಿದ್ದು ಮಾತ್ರ ನಾಯಿಗೂ ಬೇಡವಾಗಿತ್ತು. ಮದುವೆ ಮನೆಗಳಲ್ಲಿ ಅವಳನ್ನು ಅಡಿಗೆಯ ಚಪ್ಪರದಿಂದ ದೂರ, ಚಪ್ಪಲಿ ಬಿಡುವಲ್ಲಿ ಕೂರಿಸುತ್ತಿದ್ದರು. ಎಳೆಗೂಸಿನ ತಾಯಂದಿರು ಅವಳು ಬಂದರೆ ಕೂಸಿನ ಬಾಯಿಗೆ ಸೆರಗು ಮುಚ್ಚುತ್ತಿದ್ದರು. ಈಗ ಅವರೇ ಮೂಗು ಸೀಟಿಕೊಂಡು ಅಳುತ್ತಿದ್ದರು.

ಅಷ್ಟರಲ್ಲಿ ಮಸಿನಗುಡಿಯಿಂದ ಕೆಂಪಾಜಮ್ಮ ಬಂದಳು. ಗುಂಡ್ಲುಪೇಟೆ ಕಡೆಯವಳು; ನಲವತ್ತು ವರ್ಷದ ಕೆಳಗೆ ಗಂಡನ ಜೊತೆ ಬಂದು ಬಸ್ ನಿಲ್ಲುವಲ್ಲಿ ಮೆಸ್ ಹಾಕಿದವಳು. ಅವಳ ಮೆಸ್ಸಿನ ಸೊಪ್ಪೆಲ್ಲ ಕುಂಜಿ ತಂದು ಹಾಕಿದ್ದು. ಹೆಣಕ್ಕೆ ಒಂದು ಮೊಳ ಹೂವಿಟ್ಟು, ಒಲೆಯ ಬಳಿಗೆ ಬಂದು ಕಲ್ಲಿನ ಮೇಲೆ ಕೂತಳು. ಅವಳಿಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವುದು ತಡವಾಗುತ್ತಿರಲಿಲ್ಲ.

"ನಂಗೊಂದು ಇವತ್ಗೂ ತಿಳೀದು ಕನೆ ಕೇತಿ. ಇಷ್ಟು ವರ್ಷ ಇವಳ ಹತ್ರ ಸೊಪ್ಪು ತಕ್ಕೊಂಡೆ, ಒಂದಿನ ಒಂದು ಕೆಟ್ಟ ಎಲೆ ಬರ್ಲಿಲ್ಲ. ಅಂಥೋಳು ಅವತ್ತು ಹೆಂಗೆ ತಪ್ಪಿದ್ಲು? ಆ ಗೆಣಸ ನೀರಿಂದ ತೆಗ್ದೋರು ಯಾರು?"

ಕೇತಿಯ ಕೈಯ ಸೌಟು ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೇಳು, ಈಗಲೇ ಹೇಳು ಎಂದು ಒಳಗಿನಿಂದ ಯಾರೋ ತಿವಿದಂತಾಯಿತು. ಅವಳು ಬಾಯಿ ತೆರೆದಳು.

"ಅದೆಲ್ಲ ಈಗ್ಯಾಕಮ್ಮ?" ಎಂದು ಚೆನ್ನ ನಡುವೆ ಬಂದ. "ಹೆತ್ತೋಳ ಮುಂದೆ ಕೇಳೋ ಮಾತಾ ಅದು?"

ಹೆಂಗಸರೆಲ್ಲ ಕೆಂಪಾಜಮ್ಮನ ಮೇಲೆ ಕಣ್ಣು ಬಿಟ್ಟರು. ಕೆಂಪಾಜಮ್ಮ ತಪ್ಪಾಯ್ತು ತಪ್ಪಾಯ್ತು ಎಂದು ಕೆನ್ನೆ ಮುಟ್ಟಿಕೊಂಡು, ತನ್ನ ಸೆರಗಿನಿಂದ ಕೇತಿಯ ಹಣೆಯ ಬೆವರು ಒರೆಸಿದಳು. ಕೇತಿ ತೆರೆದ ಬಾಯಿಯನ್ನು ಮುಚ್ಚಿದಳು. ಇನ್ನೂ ಹೊತ್ತಿದೆ, ಅಂದುಕೊಂಡಳು.

*

ಚಿಕ್ಕಿ ಸತ್ತು ಸರಿಯಾಗಿ ಒಂದು ವರ್ಷಕ್ಕೆ ಕುಂಜಿ ಎಲೆಯ ಪೊಟ್ಟಣ ಹಿಡಿದುಕೊಂಡು ಕೇತಿಯ ಜಗಲಿಗೆ ಬಂದಿದ್ದಳು. ನಾಲ್ಕಾರು ಜನ ನೋಡುತ್ತಿದ್ದರು. ಪೊಟ್ಟಣ ಬಿಚ್ಚಿ ಮುಂದಿಟ್ಟಳು. ಹುರಿದ ಕಹಿ ಗೆಣಸು.

"ಮೂರು ರಾತ್ರಿ, ಹರಿಯೋ ನೀರು. ತಿನ್ನು."

ಕೇತಿಗೆ ಎದ್ದು ಓಡಬೇಕೆನಿಸಿತು. ಆದರೆ ತಿನ್ನದಿದ್ದರೆ ಇವಳು ಬಾಯಿ ಬಿಡುತ್ತಾಳೆ ಎಂದು ತಿಳಿಯಿತು. ತಿಂದಳು. ಕುಂಜಿ ಎದುರಿಗೇ ಕೂತು, ಕೊನೆಯ ಬಿಲ್ಲೆ ಗಂಟಲಿಗಿಳಿಯುವ ತನಕ ನೋಡಿ, ಎಲೆ ಮಡಚಿಕೊಂಡು ಎದ್ದು ಹೋದಳು.

ವರ್ಷಾ ವರ್ಷಾ ಇದೇ ನಡೆಯಿತು. ಮಳೆ ಬಂದ ವರ್ಷ, ಬಾರದ ವರ್ಷ, ಕಾಡಿಗೆ ಯಾರೂ ಹೋಗಕೂಡದೆಂದು ಗಾರ್ಡುಗಳು ದಾರಿ ಕಾದ ವರ್ಷ, ಕುಂಜಿ ತಪ್ಪಿಸಲಿಲ್ಲ. ಒಂದು ವರ್ಷ ಕೇತಿ ಜ್ವರದಲ್ಲಿ ಮೇಲೇಳಲಾರದೆ ಮಲಗಿದ್ದಳು. ಕುಂಜಿ ಅವಳನ್ನು ಗೋಡೆಗೊರಗಿಸಿ ಕೂರಿಸಿ ಒಂದೊಂದೇ ಬಿಲ್ಲೆ ಬಾಯಿಗಿಟ್ಟಳು. ಕೇತಿ ವಾಂತಿ ಮಾಡಿಕೊಂಡಾಗ ಬಾಯಿ ಒರೆಸಿ, ಉಳಿದದ್ದನ್ನು ತಿನ್ನಿಸಿದಳು.

ಹಾಡಿಯ ಜನ ಕಂಡದ್ದೇ ಬೇರೆ. ತನ್ನ ಮಗುವನ್ನು ತಿಂದ ಕೈಯಿಂದ ಉಣ್ಣುತ್ತಾಳಲ್ಲ, ಇವಳದೆಂಥ ಹೊಟ್ಟೆ ಎಂದರು. ಹೊಸದಾಗಿ ಬಂದ ಸೊಸೆಯರನ್ನು ಕರೆತಂದು ಕೇತಿಯ ಕಾಲಿಗೆ ಬೀಳಿಸಿದರು. ಯಾರ ಮನೆಯಲ್ಲಿ ಏನು ನಡೆದರೂ ಮೊದಲ ಒಲೆ ಹಚ್ಚಲು ಅವಳೇ ಬೇಕು, ಕೂಸಿಗೆ ಮೊದಲ ಅನ್ನ ಉಣ್ಣಿಸಲು ಅವಳ ಕೈಯೇ ಬೇಕು. ಮೊದಮೊದಲು ಕೇತಿಗೆ ಆ ಹೊಗಳಿಕೆ ಚೇಳು ಕುಟುಕಿದಂತಾಗುತ್ತಿತ್ತು. ಆಮೇಲಾಮೇಲೆ ಅಭ್ಯಾಸವಾಯಿತು. ಕರೆಯುವುದು ಒಂದು ದಿನ ತಡವಾದರೆ ಯಾಕೆ ಇನ್ನೂ ಕರೆದಿಲ್ಲ ಎಂದು ಬಾಗಿಲು ನೋಡುವಷ್ಟಾಯಿತು.

ಒಂದೇ ಒಂದು ಸಲ, ಜಗಲಿಯಲ್ಲಿ ಯಾರೂ ಇಲ್ಲದಾಗ, ಕೇತಿ ಕುಂಜಿಯ ಕಾಲು ಹಿಡಿದುಕೊಂಡಿದ್ದಳು.

"ಅಕ್ಕ, ಒಂದ್ಸಲ ಬಯ್ದಾದ್ರೂ ಬುಡು. ಹೊಡಿ. ಎಲ್ಲಾರ್ಗೂ ಹೇಳ್ಬುಡು."

ಕುಂಜಿ ಕಾಲು ಬಿಡಿಸಿಕೊಂಡಳು. "ಬಯ್ದ್ರೆ ನಿಂಗೆ ಹಗುರಾಯ್ತದೆ" ಎಂದಳು. "ತಿನ್ನು, ಆರೋಯ್ತದೆ."

*

ಬಿಸಿಲು ನೆತ್ತಿಗೆ ಬರುವ ಮೊದಲು ಎತ್ತಬೇಕೆಂದು ಬೊಮ್ಮ ಎಲ್ಲರನ್ನೂ ಕೂಗಿ ಕರೆದ. ಗುಂಡಿ ಎಲ್ಲಿ ತೋಡುವುದೆಂದು ತಿಳಿಯದೆ ಹುಡುಗರು ಗುದ್ದಲಿ ಹಿಡಿದು ನಿಂತಿದ್ದರು. ಕೇತಿ ಹುರಿದ ಗೆಣಸನ್ನು ಎಲೆಯ ಮೇಲೆ ಹಾಕಿಕೊಂಡು ಹೆಣದ ತಲೆಯ ಬಳಿ ಕೂತಳು. ಕುಂಜಿಯ ಬಾಯಿ ಸ್ವಲ್ಪ ತೆರೆದಿತ್ತು. ದವಡೆಗೆ ಕಟ್ಟಿದ ಬಟ್ಟೆ ಸಡಿಲಾಗಿತ್ತು. ಆಚೆ ಬದಿಯಲ್ಲಿ ನಂದಿನಿ ತಾಯಿಯ ಅಗೆಯುವ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತೆರಡು ವರ್ಷ ಕೊಲೆಗಾತಿಯ ಮಗಳು ಅನ್ನಿಸಿಕೊಂಡವಳು; ಹತ್ತಿರದಲ್ಲಿ ಸಂಬಂಧ ಸಿಗದೆ ಪಂದಲೂರಿನ ಎರಡನೇ ಸಂಬಂಧಕ್ಕೆ ಹೋಗಿ, ಟೀ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಳು. ಅವಳ ಕಣ್ಣು ಕೇತಿಯ ಬಾಯಿಯ ಮೇಲೇ ಇತ್ತು.

ಕೇತಿ ಮೊದಲ ಬಿಲ್ಲೆ ಬಾಯಿಗಿಟ್ಟಳು. ಕಹಿಯಿಲ್ಲ, ತುರಿಕೆಯಿಲ್ಲ. ಮೆತ್ತಗೆ, ಒಂದಿಷ್ಟು ಸಿಹಿಯಾಗಿ ನಾಲಿಗೆಯ ಮೇಲೆ ಕರಗಿತು. ಕುಂಜಿ ಎಂದೂ ತಪ್ಪಿದವಳಲ್ಲ.

"ಕೇತವ್ವ," ಎಂದ ಬೊಮ್ಮ, "ಮಗೀನ ತಾಯಿ ನೀನು. ಇವಳ ಮೇಲೆ ನಿನ್ ಹೊಟ್ಟೇಲಿ ಏನಾದ್ರೂ ಇದ್ರೆ ಈಗ್ಲೇ ಹೇಳ್ಬುಡು. ಆಮೇಲೆ ಹೇಳೋದು ನಡೆಯಾಕಿಲ್ಲ."

ಕೇತಿ ಸುತ್ತ ನೋಡಿದಳು. ಅವಳು ಮೊದಲ ಅನ್ನ ಉಣ್ಣಿಸಿದ ಮಕ್ಕಳು ಆಳೆತ್ತರ ಬೆಳೆದು ನಿಂತಿದ್ದರು. ಅವಳ ಕಾಲಿಗೆ ಬಿದ್ದ ಸೊಸೆಯರು ಈಗಾಗಲೇ ಕಣ್ಣೀರು ತುಂಬಿಕೊಂಡು ಕಾಯುತ್ತಿದ್ದರು. ಕೆಂಪಾಜಮ್ಮ ಕೈ ಮುಗಿದು ನಿಂತಿದ್ದಳು. ಹೇಳಿದರೆ ಈ ಮುಖಗಳೆಲ್ಲ ಏನಾಗುತ್ತವೆಂದು ಕೇತಿಗೆ ಗೊತ್ತಿತ್ತು. ಇಷ್ಟು ವರ್ಷ ಅವು ಕುಂಜಿಯನ್ನು ಹೇಗೆ ನೋಡಿದ್ದವೆಂದು ಕಂಡವಳು. ಬೆಳಗ್ಗೆ ನೀರಿನಲ್ಲಿ ನಿಂತಾಗ ಇದ್ದ ಧೈರ್ಯ ಎಲ್ಲಿ ಸೋರಿಹೋಯಿತೋ ತಿಳಿಯಲಿಲ್ಲ.

"ಏನೂ ಇಲ್ಲ" ಎಂದಳು ಕೇತಿ. ಎಲ್ಲರಿಗೂ ಕೇಳಿಸುವಂತೆ ಮತ್ತೆ ಹೇಳಿದಳು: "ಇವಳು ಮಾಡಿದ್ನ ನಾ ಎಂದೋ ಮರ್ತೀನಿ. ಮನ್ನಿಸ್ಬುಟ್ಟೀನಿ. ಅಕ್ಕ, ನಿನ್ ಕೈಯೂಟ ನಮ್ಗೆ ಹಿತವಾಯ್ತು."

ಹೆಂಗಸರು ಗೊಳೋ ಎಂದು ಅತ್ತರು. ಬೊಮ್ಮ ಟವಲಿನಿಂದ ಕಣ್ಣೊರೆಸಿಕೊಂಡ. ಇಂಥ ಮನಸ್ಸು ಇನ್ಯಾರಿಗೆ ಬಂದೀತು ಎಂದು ಯಾರೋ ಅಂದರು. ನಂದಿನಿ ತಾಯಿಯ ಹೆಣವನ್ನು ಸುತ್ತಿ ತೆವಳಿ ಬಂದು ಕೇತಿಯ ಪಾದಕ್ಕೆ ಹಣೆ ಹಚ್ಚಿದಳು. "ನಮ್ಮವ್ವನ್ನ ಉಳಿಸ್ದೆ ಚಿಕ್ಕವ್ವ" ಎಂದಳು. ಕೇತಿ ಅವಳನ್ನು ಎತ್ತಿ ಎದೆಗೊತ್ತಿಕೊಂಡಳು. ಹಾಗೆ ಒತ್ತಿಕೊಳ್ಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಬೊಮ್ಮ ಗುದ್ದಲಿಯವರತ್ತ ತಿರುಗಿದ. ತಾಯಿಯೇ ಮನ್ನಿಸಿದ ಮೇಲೆ ಇನ್ನು ಬೇರೆ ಜಾಗ ಯಾಕೆ, ಮಗುವಿನ ಪಕ್ಕ ಒಂದು ಆಳಿನಷ್ಟು ಜಾಗ ಉಳಿದಿದೆ, ಅಲ್ಲೇ ತೋಡಿ ಎಂದ.

ಕೇತಿ ನಂದಿನಿಯನ್ನು ಬಿಟ್ಟು ಎದ್ದು ನಿಂತಳು. ಗಡಿಕಲ್ಲಿನ ಒಳಗೆ ಚಿಕ್ಕಿಯ ಪಕ್ಕದ ಆ ಆಳುದ್ದದ ಜಾಗವನ್ನು ಅವಳು ಇಪ್ಪತ್ತೆರಡು ವರ್ಷ ಯಾರಿಗೂ ಬಿಡದೆ ಕಾಪಾಡಿಕೊಂಡು ಬಂದಿದ್ದಳು. ಅಲ್ಲಿ ಹುಲ್ಲು ಕೀಳುತ್ತಿದ್ದಳು, ಕಲ್ಲು ಆರಿಸುತ್ತಿದ್ದಳು. ಸತ್ತ ಮೇಲಾದರೂ ಮಗುವಿನ ಪಕ್ಕ ಮಲಗಬಹುದು, ಅಲ್ಲಿ ಅದಕ್ಕೆ ಎಲ್ಲವನ್ನೂ ಹೇಳಿಕೊಳ್ಳಬಹುದು ಎಂಬುದೊಂದೇ ಆಸೆ ಅವಳಿಗಿದ್ದದ್ದು.

"ಯಜಮಾನ್ರೇ, ಆ ಜಾಗ..." ಎಂದಳು.

"ಏನವ್ವ?"

ಎಲ್ಲರೂ ಮತ್ತೆ ಅವಳ ಕಡೆ ನೋಡಿದರು, ಅದೇ ಒದ್ದೆ ಕಣ್ಣುಗಳಿಂದ.

"ಏನಿಲ್ಲ. ಅಲ್ಲೇ ಮಡಗಿ" ಎಂದಳು ಕೇತಿ.

ಕುಂಜಿಯನ್ನು ಎತ್ತಿದರು. ಗುಂಡಿ ತೋಡುವಾಗ ಪಕ್ಕದ ಮಣ್ಣು ಜರಿದು ಚಿಕ್ಕಿಯ ಕಡೆಯ ಗೋಡೆ ಸ್ವಲ್ಪ ಬಾಯಿಬಿಟ್ಟಿತ್ತು. ಹುಡುಗರು ಅದನ್ನು ಮುಚ್ಚುವ ಗೋಜಿಗೆ ಹೋಗಲಿಲ್ಲ. ಹೇಗೂ ತುಂಬುವ ಮಣ್ಣೇ ತಾನೆ ಎಂದು ಕುಂಜಿಯನ್ನು ಇಳಿಸಿದರು. ಕೇತಿ ಕಟ್ಟಳೆಯಂತೆ ಮೂರು ಹಿಡಿ ಮಣ್ಣು ಹಾಕಿದಳು.

ಹಳ್ಳದಲ್ಲಿ ಮುಳುಗಿ ಎದ್ದು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಕೇತಿ ಅಡಿಗೆಮನೆಯ ಕತ್ತಲಲ್ಲಿ ಗೋಡೆಗೊರಗಿ ಕೂತಳು. ಕುಂಜಿ ಇನ್ನು ಬರುವುದಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಬರುವ ಬೇಸಿಗೆಯಲ್ಲಿ ಎಲೆಯ ಪೊಟ್ಟಣವಿಲ್ಲ, ಎದುರಿಗೆ ಕೂತು ನೋಡುವ ಆ ಕಣ್ಣಿಲ್ಲ. ಜಾಗ ಹೋದರೆ ಹೋಯಿತು, ಇದೊಂದಾದರೂ ಮುಗಿಯಿತಲ್ಲ ಎಂದು ಒಂದು ದೊಡ್ಡ ಉಸಿರು ಬಿಟ್ಟಳು. ನಾಚಿಕೆಯಾಯಿತು, ಆದರೂ ಹಾಯೆನಿಸಿತು.

ಹೊರಗೆ ಮಣ್ಣು ಕುಟ್ಟುವ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ನಂದಿನಿ. ತಾಯಿಯ ಜೊತೆ ಹೂಳಬೇಕಾಗಿದ್ದ ಕೋಲನ್ನು ಬೊಮ್ಮನಿಂದ ಬೇಡಿ ಇಸಿದುಕೊಂಡಿದ್ದಳು. ಅದರಿಂದ ಕೇತಿಯ ಅಡಿಗೆಮನೆಯ ಗೋಡೆಯ ಬುಡದಲ್ಲೇ ಗುಂಡಿ ತೋಡುತ್ತಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಹಿ ಗೆಣಸಿನ ತಲೆಯಿತ್ತು.

"ಏನೇ ಅದು?"

ನಂದಿನಿ ಅತ್ತು ಅತ್ತು ಊದಿದ ಮುಖವನ್ನೆತ್ತಿ ನಕ್ಕಳು. ತಾಯಿಗೆ ಎದೆನೋವಿತ್ತು, ಬೇಡವೆಂದರೂ ಕೇಳದೆ ಸೋಮವಾರ ಕಾಡಿಗೆ ಹೋಗಿ ಅಗೆದು ತಂದಳು, ಎಂದೂ ಇಲ್ಲದ ಹಾಗೆ ತಲೆಯನ್ನೂ ಗುಂಡಿಗೆ ಹೂಳದೆ ಮನೆಗೆ ತಂದಳು ಎಂದಳು.

"ಚಿಕ್ಕವ್ವನ ಗೋಡೆ ತಾವ ನೆಡು ಅಂದ್ಲು. ಅವಳ್ಗೆ ಇದು ಅಂದ್ರೆ ಪ್ರಾಣ, ನಾ ಹೋದ್ರೂ ತಪ್ಪಬಾರ್ದು, ವರ್ಷಾ ವರ್ಷಾ ನೀನೇ ಬಂದು ಮಾಡಿ ಉಣ್ಸು ಅಂದ್ಲು. ಮೂರು ರಾತ್ರಿ, ಹರಿಯೋ ನೀರು. ಎದ್ರುಗೆ ಕುಂತು, ಪೂರ್ತಿ ಉಣ್ಣೋಗಂಟ ನೋಡ್ಬೇಕು ಅಂದ್ಲು. ನನ್ ಕೈಲಿ ಆಣೆ ಮಾಡಿಸ್ಕೊಂಡ್ಲು. ನಂಗೂ ಇನ್ನ್ಯಾರವ್ರೆ, ಬತ್ತೀನಿ ಚಿಕ್ಕವ್ವ. ನೀ ಇರೋಗಂಟ ತಪ್ಸಾಕಿಲ್ಲ."

ಗೆಣಸಿನ ತಲೆಯನ್ನು ಗುಂಡಿಗಿಟ್ಟು ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದಳು, ಅವಳ ತಾಯಿ ತಟ್ಟುತ್ತಿದ್ದ ಹಾಗೆಯೇ. ಬಳ್ಳಿ ಹಬ್ಬಲೆಂದು ಒಂದು ನಾರಿನ ಹಗ್ಗವನ್ನು ಗೂಟದಿಂದ ಎಳೆದು ಕಿಟಕಿಯ ಸರಳಿಗೆ ಗಂಟು ಹಾಕಿದಳು. ಮೇಲೆ ಒಂದು ಚೊಂಬು ನೀರು ಸುರಿದು, ಕೋಲನ್ನು ಹೆಗಲಿಗಿಟ್ಟುಕೊಂಡು ಹೋದಳು.

ಕೇತಿ ಒಳಗಿನಿಂದ ಕೈ ಚಾಚಿ ಗಂಟನ್ನು ಮುಟ್ಟಿ ನೋಡಿದಳು. ಉಗುರು ತೂರಿಸಲು ಜಾಗವಿರಲಿಲ್ಲ. ನೀರು ತಾಗಿ ನಾರು ಆಗಲೇ ಬಿಗಿಯತೊಡಗಿತ್ತು.